ಒಂದೇ ದೇಶದ ಎರಡು ಟೀಮ್ ಫೈನಲ್‌ಗೆ ಬಂದರೆ ಮ್ಯಾಚ್ ನೋಡೋದು ಹೇಗೆ

ಯುರೋಪಿನ ಫುಟ್‌ಬಾಲ್ ಕ್ಲಬ್‌ಗಳ ದೊಡ್ಡ ಕಪ್ ಅಂದರೆ ಚಾಂಪಿಯನ್ಸ್ ಲೀಗ್. ಅದರ ಫೈನಲ್‌ಗೆ ಒಂದೇ ದೇಶದ ಎರಡು ಕ್ಲಬ್ ಬಂದರೆ ಕೆಲವರು "ಇದು ಲೀಗ್ ಮ್ಯಾಚೇ ಅಲ್ವಾ, ವರ್ಷಕ್ಕೆ ಎರಡು ಸಲ ನೋಡ್ತೀವಲ್ಲ" ಅಂತ ಮುಖ ತಿರುಗಿಸುತ್ತಾರೆ. ನಾನು ಒಪ್ಪಲ್ಲ. ನನಗೆ ಇಂಥ ಫೈನಲ್‌ಗಳೇ ಜಾಸ್ತಿ ಇಷ್ಟ. ಇವರ ಗುಟ್ಟು ಅವರಿಗೆ ಗೊತ್ತು, ಅವರ ಗುಟ್ಟು ಇವರಿಗೆ ಗೊತ್ತು. ಹಾಗಿದ್ದ ಮೇಲೆ ಯಾರು ಏನು ಬದಲಾಯಿಸಿಕೊಂಡು ಬಂದಿದ್ದಾರೆ ಅನ್ನೋದೇ ಆಟ. ಅದನ್ನು ಕಣ್ಣಾರೆ ಹಿಡಿಯಬೇಕು ಅಂದರೆ ಸ್ವಲ್ಪ ತಯಾರಿ ಬೇಕು.

ಮೊದಲು ಸ್ವಲ್ಪ ಹಿನ್ನೆಲೆ. ಹಿಂದೆ ಈ ಕಪ್‌ಗೆ ಒಂದೊಂದು ದೇಶದಿಂದ ಲೀಗ್ ಗೆದ್ದ ಟೀಮ್‌ಗೆ ಮಾತ್ರ ಪ್ರವೇಶ ಇತ್ತು, ಜೊತೆಗೆ ಹಿಂದಿನ ವರ್ಷ ಕಪ್ ಎತ್ತಿದವರಿಗೆ. 1997ರಲ್ಲಿ ದೊಡ್ಡ ಲೀಗ್‌ಗಳಲ್ಲಿ ಎರಡನೇ ಸ್ಥಾನದವರಿಗೂ ಬಾಗಿಲು ತೆರೆಯಿತು, 1999ರಿಂದ ನಾಲ್ಕು ಟೀಮ್‌ವರೆಗೂ ಅವಕಾಶ ಸಿಕ್ಕಿತು. ಮರುವರ್ಷವೇ, 2000ದಲ್ಲಿ, ಸ್ಪೇನಿನ ರಿಯಲ್ ಮ್ಯಾಡ್ರಿಡ್ ಮತ್ತು ವೆಲೆನ್ಸಿಯಾ ಫೈನಲ್‌ನಲ್ಲಿ ಎದುರಾದವು. ಅಲ್ಲಿಂದ 2021ರವರೆಗೆ ಇಂಥ ಎಂಟು ಫೈನಲ್ ನಡೆದಿವೆ.

ಈಗ ಕೆಲಸಕ್ಕೆ ಬನ್ನಿ. ಫೈನಲ್‌ಗೆ ಒಂದು ವಾರ ಇರುವಾಗ, ಆ ಸೀಸನ್‌ನಲ್ಲಿ ಇವರಿಬ್ಬರೂ ಆಡಿದ ಮ್ಯಾಚ್‌ಗಳ ಹೈಲೈಟ್ಸ್ ಹುಡುಕಿ ನೋಡಿ. ಲೀಗ್ ಮಾತ್ರ ಅಲ್ಲ, ದೇಶದೊಳಗಿನ ಕಪ್ ಮ್ಯಾಚ್‌ಗಳನ್ನೂ ನೋಡಿ. ಪಾಯಿಂಟ್ ಪಟ್ಟಿ ನಂಬಬೇಡಿ. 2013ರಲ್ಲಿ ಜರ್ಮನಿಯ ಲೀಗ್‌ನಲ್ಲಿ ಬಯರ್ನ್ ಟೀಮ್ ಡಾರ್ಟ್ಮುಂಡ್‌ಗಿಂತ 25 ಪಾಯಿಂಟ್ ಮುಂದಿತ್ತು, ಆದರೂ ಲೀಗ್‌ನ ಎರಡೂ ಮ್ಯಾಚ್ 1-1, ವೆಂಬ್ಲಿಯ ಫೈನಲ್‌ನಲ್ಲಿ ಬಯರ್ನ್‌ನ ರಾಬೆನ್ ಹೊಡೆದ ಗೆಲುವಿನ ಗೋಲು ಬಂದಿದ್ದು 89ನೇ ನಿಮಿಷದಲ್ಲಿ. ನೀವು ನೋಡಬೇಕಾದ್ದು ಮಿಡ್‌ಫೀಲ್ಡ್‌ನಲ್ಲಿ ಯಾರು ನಿಂತಿದ್ದರು, ಯಾವ ಕಡೆಯ ಬ್ಯಾಕ್ (ಅಂಚಿನ ಡಿಫೆಂಡರ್) ಮುಂದಕ್ಕೆ, ಅಂದರೆ ಮೇಲೆ, ಹೋಗುತ್ತಿದ್ದ, ಅವನು ಬಿಟ್ಟುಹೋದ ಜಾಗಕ್ಕೆ ಯಾರು ನುಗ್ಗಿದರು ಅನ್ನೋದು. ಒಂದು ಹಾಳೆಯಲ್ಲಿ ಎರಡೂ ಟೀಮಿನ ಹನ್ನೊಂದು ಹೆಸರು ಬರೆದಿಟ್ಟುಕೊಳ್ಳಿ. ಯಾರು ಆಡಲ್ಲ ಅನ್ನೋದನ್ನೂ ಬರೆಯಿರಿ. 2003ರಲ್ಲಿ ಇಟಲಿಯ ಯುವೆಂಟಸ್ ಟೀಮಿನ ನೆಡ್ವೆಡ್ ಸೆಮಿಫೈನಲ್‌ನಲ್ಲಿ ಹಳದಿ ಕಾರ್ಡ್ ತಿಂದು, ನಿಷೇಧ ಬಿದ್ದು ಫೈನಲ್ ಆಡಲಿಲ್ಲ. ಅವನಿಲ್ಲದ ಯುವೆಂಟಸ್, ಇಟಲಿಯದ್ದೇ ಆದ ಮಿಲಾನ್ ಎದುರು ಎರಡು ಗಂಟೆ ಆಡಿದರೂ ಒಂದು ಗೋಲು ಹೊಡೆಯಲಿಲ್ಲ.

ಫೈನಲ್ ದಿನ ಕಿಕ್‌ಆಫ್‌ಗೆ ಗಂಟೆ ಮುಂಚೆಯೇ ಟೀಮ್ ಪಟ್ಟಿ ಬಂದಿರುತ್ತೆ. ಹಾಳೆ ಪಕ್ಕದಲ್ಲಿಟ್ಟು ಹೋಲಿಸಿ. ಇಡೀ ಸಂಜೆಯಲ್ಲಿ ನನಗೆ ತುಂಬಾ ಇಷ್ಟವಾದ ಹೊತ್ತು ಅದು. 2021ರ ಫೈನಲ್‌ನಲ್ಲಿ ಇಂಗ್ಲೆಂಡಿನ ಚೆಲ್ಸಿ ಮತ್ತು ಮ್ಯಾಂಚೆಸ್ಟರ್ ಸಿಟಿ ಎದುರಾದವು, ಅದಕ್ಕೆ ಮುಂಚಿನ ಆರು ವಾರದೊಳಗೆ ಚೆಲ್ಸಿ ಸಿಟಿಯನ್ನು ಎರಡು ಸಲ ಸೋಲಿಸಿತ್ತು. ಪಟ್ಟಿ ಬಂದಾಗ ಸಿಟಿಯ ಹನ್ನೊಂದರಲ್ಲಿ ರೋಡ್ರಿಯೂ ಇಲ್ಲ, ಫರ್ನಾಂಡಿನೊ ಕೂಡ ಇಲ್ಲ. ಡಿಫೆನ್ಸ್ ಮುಂದೆ ಕಾವಲು ನಿಲ್ಲುವ ಇಬ್ಬರೂ ಬೆಂಚ್ ಮೇಲೆ! 42ನೇ ನಿಮಿಷದಲ್ಲಿ ಚೆಲ್ಸಿಯ ಮೌಂಟ್ ಎಡಗಡೆಯಿಂದ ಬಾಲ್ ತಳ್ಳಿದ, ವರ್ನರ್ ಓಡಿ ಒಬ್ಬ ಡಿಫೆಂಡರ್‌ನನ್ನು ಪಕ್ಕಕ್ಕೆ ಎಳೆದುಕೊಂಡು ಹೋದ, ನಡುವೆ ತೆರೆದ ಜಾಗದಲ್ಲಿ ಹಾವರ್ಟ್ಸ್ ಒಬ್ಬನೇ ನುಗ್ಗಿ ಗೋಲಿಯನ್ನು ದಾಟಿ ಖಾಲಿ ನೆಟ್‌ಗೆ ಹಾಕಿದ. ಆ ಒಂದು ಗೋಲೇ ಮ್ಯಾಚ್. ಪಟ್ಟಿ ನೋಡಿಕೊಂಡು ಕೂತವರಿಗೆ ಆ ಖಾಲಿ ಜಾಗ ಮೊದಲೇ ಕಂಡಿರುತ್ತೆ.

ಎಲ್ಲಿ ನೋಡೋದು? ಯುರೋಪಿನ ಫೈನಲ್ ವರ್ಷಗಟ್ಟಲೆ ನಮಗೆ ರಾತ್ರಿ ಹನ್ನೆರಡೂವರೆಗೆ ಶುರುವಾಗುತ್ತಿತ್ತು. ಬೆಂಗಳೂರಲ್ಲಿ ಪಬ್‌ಗಳು ಒಂದು ಗಂಟೆಗೆ ಮುಚ್ಚಬೇಕು, ಹಾಗಾಗಿ ಮನೆಯೇ ಗತಿಯಾಗಿತ್ತು. 2026ರಿಂದ ಯುರೋಪಿನ ಫುಟ್‌ಬಾಲ್ ಸಂಸ್ಥೆ ಯುಎಫಾ ಸಮಯ ಹಿಂದಕ್ಕೆ ತಂದು ನಮ್ಮ ಲೆಕ್ಕದಲ್ಲಿ ಒಂಬತ್ತೂವರೆ ಮಾಡಿತು, ಇದು ನಮಗೆ ದೊಡ್ಡ ಉಪಕಾರ. ಆದರೂ ಎಕ್ಸ್‌ಟ್ರಾ ಟೈಮ್, ಪೆನಾಲ್ಟಿ ಅಂತ ಹೋದರೆ ಹನ್ನೆರಡು ದಾಟುತ್ತೆ, ಅಷ್ಟೊತ್ತಿಗೆ ಮೆಟ್ರೋ ನಂಬಿಕೊಂಡು ಕೂರಬೇಡಿ. ಆಸ್ಟಿನ್ ಟೌನ್, ಗೌತಮಪುರದ ಕಡೆ ಪರಿಚಯದವರಿದ್ದರೆ ಅಲ್ಲಿಗೆ ಹೋಗಿ. ಅಲ್ಲಿ ಫುಟ್‌ಬಾಲ್ ಆಡಿ ಬೆಳೆದ ಹಿರಿಯರ ಪಕ್ಕ ಕೂತು "ಅಣ್ಣ, ಆ ಲೆಫ್ಟ್ ಬ್ಯಾಕ್ ಯಾಕೆ ಇವತ್ತು ಮೇಲೇ ಹೋಗ್ತಿಲ್ಲ?" ಅಂತ ಕೇಳಿ. ಕಾಮೆಂಟರಿಯವರು ಹೇಳದ ಉತ್ತರ ಸಿಗುತ್ತೆ.

ಮನೆಯಲ್ಲೇ ಆದರೆ ಎರಡೂ ಕಡೆಯ ಅಭಿಮಾನಿಗಳನ್ನು ಕರೆಯಿರಿ, ಒಂದೇ ಕಡೆಯವರು ಸೇರಿದರೆ ಸಪ್ಪೆ. ಮೇ ಕೊನೆಯಲ್ಲಿ ಇಲ್ಲಿ ಗುಡುಗು ಮಳೆ ಬಂದು ಕರೆಂಟ್ ಹೋಗೋದು ಮಾಮೂಲು, ವೈಫೈ ರೂಟರ್‌ಗೆ ಯುಪಿಎಸ್ ಇರಲಿ. ಆ್ಯಪ್‌ನಲ್ಲಿ ಮ್ಯಾಚ್ ಟಿವಿಗಿಂತ ಸ್ವಲ್ಪ ತಡವಾಗಿ ಬರುತ್ತೆ, ಆದ್ದರಿಂದ ಎಲ್ಲರ ಫೋನ್‌ನಲ್ಲೂ ಗೋಲ್ ಅಲರ್ಟ್ ಆಫ್ ಮಾಡಿಸಿ. ತಿನ್ನೋಕೆ ಕಾಂಗ್ರೆಸ್ ಕಡಲೆಕಾಯಿ, ಮಂಡಕ್ಕಿ ಸಾಕು, ಒಲೆ ಮುಂದೆ ನಿಂತು ಯಾರೂ ಗೋಲು ಕಳೆದುಕೊಳ್ಳಬಾರದು.

ತೊಂಬತ್ತು ನಿಮಿಷಕ್ಕೆ ಮುಗಿಯುತ್ತೆ ಅಂದುಕೊಳ್ಳಬೇಡಿ. ಒಂದೇ ದೇಶದವರ ಆ ಎಂಟು ಫೈನಲ್‌ಗಳಲ್ಲಿ 2003, 2008, 2016ರವು ಪೆನಾಲ್ಟಿಗೆ ಹೋದವು, 2014ರದ್ದು ಎಕ್ಸ್‌ಟ್ರಾ ಟೈಮ್‌ಗೆ. ಪೆನಾಲ್ಟಿ ಬಂದರೆ ಬಾಲ್ ಬಿಟ್ಟು ಗೋಲಿಯನ್ನು ನೋಡಿ. 2008ರಲ್ಲಿ ಮಾಸ್ಕೋದಲ್ಲಿ ಚೆಲ್ಸಿಯ ಅನೆಲ್ಕಾ ಹೊಡೆಯಲು ಬಂದಾಗ ಮ್ಯಾಂಚೆಸ್ಟರ್ ಯುನೈಟೆಡ್ ಗೋಲಿ ವ್ಯಾನ್ ಡೆರ್ ಸಾರ್ ತನ್ನ ಎಡಗಡೆಗೆ ಕೈ ತೋರಿಸಿದ. ಅನೆಲ್ಕಾ ಇನ್ನೊಂದು ಕಡೆಗೆ ಹೊಡೆದ. ವ್ಯಾನ್ ಡೆರ್ ಸಾರ್ ಅಲ್ಲಿಗೇ ಹಾರಿ ತಡೆದ. ಕಪ್ ಯುನೈಟೆಡ್‌ಗೆ.

ಯುರೋಪ್ ಆಚೆಗೂ ಕಣ್ಣಿಡಿ. 2018ರಲ್ಲಿ ದಕ್ಷಿಣ ಅಮೆರಿಕದ ಕ್ಲಬ್‌ಗಳ ಲಿಬರ್ಟಡೋರೆಸ್ ಕಪ್‌ನ ಎರಡು ಮ್ಯಾಚ್‌ಗಳ ಫೈನಲ್‌ನಲ್ಲಿ ಅರ್ಜೆಂಟೀನಾದ ರಿವರ್ ಪ್ಲೇಟ್ ಮತ್ತು ಬೋಕಾ ಎದುರಾದಾಗ, ಬೋಕಾ ಆಟಗಾರರ ಬಸ್ ಮೇಲೆ ದಾಳಿಯಾಗಿ ಎರಡನೇ ಮ್ಯಾಚನ್ನು ಮ್ಯಾಡ್ರಿಡ್‌ಗೆ ಒಯ್ಯಬೇಕಾಯಿತು. 2020ರಲ್ಲಿ ಕೈರೋದ ಅಲ್ ಅಹ್ಲಿ ಮತ್ತು ಜಮಾಲೆಕ್ ಆಫ್ರಿಕಾದ ಕಪ್‌ಗಾಗಿ ಆಡಿದವು. ನಮ್ಮ ಏಷ್ಯಾದಲ್ಲೂ 2013ರ ಎಎಫ್‌ಸಿ ಕಪ್ ಫೈನಲ್‌ನಲ್ಲಿ ಎರಡೂ ಕುವೈತ್ ಟೀಮ್‌ಗಳೇ. ಬೆಂಗಳೂರು ಎಫ್‌ಸಿ 2016ರಲ್ಲಿ ಅದೇ ಕಪ್‌ನ ಫೈನಲ್ ಆಡಿ ಇರಾಕಿನ ಟೀಮ್ ಎದುರು 1-0ಯಿಂದ ಸೋತಿತು. ಮುಂದೊಂದು ದಿನ ಏಷ್ಯಾದ ಫೈನಲ್‌ನಲ್ಲಿ ನಮ್ಮೂರ ಟೀಮ್ ಎದುರಿಗೆ ಇನ್ನೊಂದು ಭಾರತೀಯ ಟೀಮ್ ನಿಲ್ಲಬೇಕು ಅನ್ನೋದು ನನ್ನ ಆಸೆ.

ಮ್ಯಾಚ್ ಮುಗಿದ ಮೇಲೆ ಸೋತವರನ್ನು ಆ ರಾತ್ರಿ ಕೆಣಕಬೇಡಿ. ಇವರಿಬ್ಬರೂ ಮತ್ತೆ ಯಾವಾಗ ಎದುರಾಗುತ್ತಾರೆ ಅಂತ ನೋಡಿ, ಗೆಳೆಯರನ್ನು ಆ ದಿನಕ್ಕೆ ಈಗಲೇ ಕರೆದುಬಿಡಿ. 2014ರ ಮೇ ತಿಂಗಳ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಎದುರು 4-1ರಿಂದ ಸೋತ ಅದೇ ಊರಿನ ಅಟ್ಲೆಟಿಕೊ, ಅದೇ ಆಗಸ್ಟ್‌ನಲ್ಲಿ ಸ್ಪೇನಿನ ಸೂಪರ್ ಕಪ್‌ನಲ್ಲಿ ಅದೇ ರಿಯಲ್ ಅನ್ನು ಸೋಲಿಸಿತು.