ತಿರುವಿನಲ್ಲಿ ಎರಡಾದ ಗೋಡೆ

ಗೋದಾಮಿನಲ್ಲಿ ಸರಕು ಸಾಗಿಸುವ ನಮ್ಮ ರೋಬೋಟ್ ನೇರವಾಗಿ ಹೋಗುವಾಗ ಯಾವ ತೊಂದರೆಯೂ ಇರಲಿಲ್ಲ. ತಿರುಗಿತೆಂದರೆ ಸಾಕು, ಅದು ಬಿಡಿಸುವ ನಕ್ಷೆಯಲ್ಲಿ ಒಂದೇ ಗೋಡೆ ಎರಡಾಗುತ್ತಿತ್ತು. ಅದೂ ಎಲ್ಲ ದಿನ ಅಲ್ಲ. ಕಚೇರಿಯಲ್ಲಂತೂ ಒಮ್ಮೆಯೂ ಹಾಗಾಗಿರಲಿಲ್ಲ.

ನಾವು ಬಳಸುತ್ತಿದ್ದದ್ದು ರೋಬೋಟ್ ಆಪರೇಟಿಂಗ್ ಸಿಸ್ಟಮ್, ಅಂದರೆ ರಾಸ್ 2. 2022ರಲ್ಲಿ ಬಂದ ಹಂಬಲ್ ಆವೃತ್ತಿ. ಹೆಸರು ಹಾಗಿದ್ದರೂ ಅದು ಉಬುಂಟು ಎಂಬ ಆಪರೇಟಿಂಗ್ ಸಿಸ್ಟಮ್ ಮೇಲೆ ಓಡುವ ತಂತ್ರಾಂಶಗಳ ಗುಂಪು. ಲೇಸರ್ ಬೆಳಕಿನಿಂದ ಸುತ್ತಲಿನ ದೂರ ಅಳೆಯುವ ಲಿಡಾರ್, ಚಕ್ರ, ದಾರಿ ಹುಡುಕುವ ಭಾಗ ಎಲ್ಲವೂ ಬೇರೆ ಬೇರೆ ಪ್ರೋಗ್ರಾಮುಗಳು. ವೇಳೆಯ ಮುದ್ರೆ ಒತ್ತಿದ ಸಂದೇಶಗಳ ಮೂಲಕ ಮಾತಾಡಿಕೊಳ್ಳುತ್ತವೆ. ನಮ್ಮಲ್ಲಿ ಲಿಡಾರ್‌ಗೆ ಒಂದು ಕಂಪ್ಯೂಟರ್, ಉಳಿದುದಕ್ಕೆಲ್ಲ ಇನ್ನೊಂದು.

ಚಕ್ರ ಜಾರುತ್ತಿರಬೇಕೆಂದು ರಬ್ಬರ್ ಬದಲಿಸಿದೆ. ಎರಡು ವಾರ ಹೋಯಿತು, ಗೋಡೆ ಎರಡಾಗಿಯೇ ಇತ್ತು. ಆಗ ತಂಡದ ಹಿರಿಯರು, “ಬ್ಯಾಗ್ ತೆಗೆದಿಟ್ಟಿದ್ದೀರಾ?” ಎಂದು ಕೇಳಿದರು. ರೋಬೋಟ್ ಓಡುವಾಗ ಹರಿಯುವ ಸಂದೇಶಗಳನ್ನೆಲ್ಲ ಹಿಡಿದಿಡುವ ಕಡತವೇ ಬ್ಯಾಗ್. ಅದರಲ್ಲಿ ಪ್ರತಿ ಸಂದೇಶದ ಮುದ್ರೆಯೂ ಇರುತ್ತದೆ, ಅದು ಬಂದು ತಲುಪಿದ ವೇಳೆಯೂ ಇರುತ್ತದೆ. ಒಂದರಿಂದ ಇನ್ನೊಂದನ್ನು ಕಳೆದು ನೋಡಿದೆ. ಚಕ್ರದ ಸಂದೇಶಗಳಲ್ಲಿ ಕೆಲವೇ ಮಿಲಿಸೆಕೆಂಡ್ ಅಂತರ; ಲಿಡಾರ್‌ನದರಲ್ಲಿ ಸುಮಾರು 150.

ಲಿಡಾರ್ ಕಂಪ್ಯೂಟರಿನ ಗಡಿಯಾರ ಹಿಂದೆ ಬಿದ್ದಿತ್ತು. ಹಾಗಾಗಿ ಈಗ ಕಂಡ ಗೋಡೆ, ರೋಬೋಟ್ 150 ಮಿಲಿಸೆಕೆಂಡ್ ಹಿಂದೆ ಇದ್ದ ಸ್ಥಾನದಿಂದ ಕಂಡಂತೆ ನಕ್ಷೆಯಲ್ಲಿ ಕೂರುತ್ತಿತ್ತು. ರೋಬೋಟ್ ಸೆಕೆಂಡಿಗೆ 1 ರೇಡಿಯನ್, ಅಂದರೆ ಸುಮಾರು 57 ಡಿಗ್ರಿ ವೇಗದಲ್ಲಿ ತಿರುಗುವಾಗ 150 ಮಿಲಿಸೆಕೆಂಡ್ ಎಂದರೆ ಎಂಟೂವರೆ ಡಿಗ್ರಿ. 5 ಮೀಟರ್ ದೂರದ ಗೋಡೆ 75 ಸೆಂಟಿಮೀಟರ್ ಸರಿದುಬಿಡುತ್ತದೆ. ನೇರ ಓಟದಲ್ಲಿ ಪಕ್ಕದ ಗೋಡೆ ತನ್ನ ಉದ್ದಕ್ಕೇ ಜಾರುವುದರಿಂದ ಏನೂ ಕಾಣುವುದಿಲ್ಲ. ಗಡಿಯಾರ ಮುಂದೆ ಓಡಿದ್ದರೆ, ಇನ್ನೂ ಬಾರದ ಕ್ಷಣದ ಸ್ಥಾನ ಕೇಳುತ್ತಿದ್ದೀರಿ ಎಂಬ ದೋಷ ಸಂದೇಶವಾದರೂ ಬರಬಹುದಿತ್ತು. ಹಿಂದೆ ಬಿದ್ದಿದ್ದರಿಂದ, ರೋಬೋಟ್ ಆಗ ಎಲ್ಲಿತ್ತೋ ಆ ಹಳೆಯ ಸ್ಥಾನವನ್ನು ರಾಸ್ ತಕರಾರಿಲ್ಲದೆ ಕೊಡುತ್ತಿತ್ತು. ನನ್ನನ್ನು ಬಹುಕಾಲ ಕಾಡಿದ್ದು ಈ ಮೌನವೇ.

ಬ್ಯಾಗಿನಲ್ಲಿ ಲಿಡಾರ್ ಮುದ್ರೆಗಳನ್ನು 150 ಮಿಲಿಸೆಕೆಂಡ್ ಮುಂದಕ್ಕೆ ತಳ್ಳಿ ಮತ್ತೆ ಓಡಿಸಿದೆ. ಗೋಡೆ ಒಂದಾಯಿತು. ಆ ಸಂಜೆಯ ಸಂತೋಷ ಇನ್ನೂ ನೆನಪಿದೆ.

ಕಚೇರಿಯಲ್ಲಿ ಎರಡೂ ಕಂಪ್ಯೂಟರುಗಳು ಇಂಟರ್ನೆಟ್‌ನಿಂದ ಸಮಯ ಹೊಂದಿಸಿಕೊಳ್ಳುತ್ತಿದ್ದವು. ಗೋದಾಮಿನಲ್ಲಿ ಇಂಟರ್ನೆಟ್ ಇರಲಿಲ್ಲ. ಆನ್ ಮಾಡಿದಾಗಲೆಲ್ಲ ಒಂದೊಂದು ಅಂತರ. ರೋಬೋಟನ್ನು ಕಂಪ್ಯೂಟರಿನೊಳಗೇ ಅನುಕರಿಸಿ ಓಡಿಸುವ ಗಜೀಬೋ ಸಿಮ್ಯುಲೇಟರಿನಲ್ಲಿ ನೂರಾರು ಸಲ ಓಡಿಸಿದ್ದರೂ ಇದು ಸಿಗುತ್ತಿರಲಿಲ್ಲ, ಏಕೆಂದರೆ ಅಲ್ಲಿ ಎಲ್ಲರಿಗೂ ಒಂದೇ ಗಡಿಯಾರ.

ಈಗ ಕ್ರೋನಿ ಎಂಬ ತಂತ್ರಾಂಶದ ಮೂಲಕ ಲಿಡಾರ್ ಕಂಪ್ಯೂಟರ್ ಮುಖ್ಯ ಕಂಪ್ಯೂಟರಿನಿಂದಲೇ ಸಮಯ ಪಡೆಯುತ್ತದೆ. ಆ ಹಳೆಯ ಬ್ಯಾಗ್ ನಮ್ಮ ಪರೀಕ್ಷೆಗಳಲ್ಲಿ ಸೇರಿದೆ. ಕೋಡ್ ಬದಲಾದಾಗಲೆಲ್ಲ ಓಡುತ್ತದೆ. ಎರಡು ಗಡಿಯಾರಗಳ ಅಂತರ 10 ಮಿಲಿಸೆಕೆಂಡ್ ದಾಟಿದರೆ ರೋಬೋಟ್ ಹೊರಡುವುದೇ ಇಲ್ಲ. ಕಳೆದ ತಿಂಗಳು ಹಾಗೆ ಬಾಗಿಲಲ್ಲೇ ನಿಂತಿತು. ಲಿಡಾರ್ ಕಂಪ್ಯೂಟರ್ ಬದಲಿಸುವಾಗ ಕ್ರೋನಿ ಹಾಕುವುದು ಬಿಟ್ಟುಹೋಗಿತ್ತು. ಹಾಕಿದ ಮೇಲೆ ಹೊರಟಿತು.