ಕುಲುಮೆಯ ಪಿಎಲ್‌ಸಿಗೆ ಬರೆಯುವ ಹಕ್ಕು ಯಾರದು?

ಪೀಣ್ಯದಲ್ಲಿ ಲೋಹವನ್ನು ಕಾಯಿಸಿ ಹದಗೊಳಿಸುವ ಒಂದು ಹೀಟ್ ಟ್ರೀಟ್‌ಮೆಂಟ್ ಕಾರ್ಖಾನೆಯ ನಿಯಂತ್ರಣ ಜಾಲವನ್ನು ಭದ್ರಪಡಿಸುವ ಕೆಲಸ ನನಗೆ ಬಂದಾಗ, ಯಾವ ಆಂಟಿವೈರಸ್ ಕೊಳ್ಳಬೇಕು ಎಂದು ಮಾಲೀಕರು ಮೊದಲಿಗೇ ಕೇಳಿದರು. ಆದರೆ ಕುಲುಮೆಯ ತಾಪವನ್ನು ನಿಯಂತ್ರಿಸುವ ಪಿಎಲ್‌ಸಿಯಲ್ಲಿ ಅದಕ್ಕೆ ಜಾಗವೇ ಇಲ್ಲ. ಸೆನ್ಸರ್‌ಗಳನ್ನು ಓದಿ, ಲ್ಯಾಡರ್ ಎಂಬ ಭಾಷೆಯಲ್ಲಿ ಬರೆದ ಪ್ರೋಗ್ರಾಂ ನಡೆಸಿ, ಔಟ್‌ಪುಟ್ ಬದಲಿಸುವುದನ್ನು ಕೆಲವೇ ಮಿಲಿಸೆಕೆಂಡುಗಳಿಗೊಮ್ಮೆ ಮಾಡುತ್ತಲೇ ಇರುವ ಪುಟ್ಟ ಕಂಪ್ಯೂಟರ್ ಅದು. ಅದರ ಮೂಲ ತಂತ್ರಾಂಶವಾದ ಫರ್ಮ್‌ವೇರ್ ಬದಲಿಸಬೇಕೆಂದರೆ ಉತ್ಪಾದನೆ ನಿಲ್ಲಿಸಬೇಕು, ಹಳೆಯ ಮಾದರಿಗಳಿಗೆ ಹೊಸ ಫರ್ಮ್‌ವೇರ್ ಸಿಗುವುದೂ ಅಪರೂಪ. ಹಾಗಾಗಿ ಪಿಎಲ್‌ಸಿಯ ಫರ್ಮ್‌ವೇರ್‌ನ ಗೋಜಿಗೆ ಹೋಗದೆ, ಅದರೊಳಗೆ ಬರೆಯುವ ಹಕ್ಕು ಯಾರಿಗಿದೆ ಎಂಬುದನ್ನು ಬಿಗಿಗೊಳಿಸಲು ನಿರ್ಧರಿಸಿದೆ.

ಕಡತದಲ್ಲಿದ್ದ ನಕ್ಷೆಯನ್ನು ಬದಿಗಿಟ್ಟು, ಕೇಬಲ್ ಹಿಡಿದು ಪ್ಯಾನಲ್‌ನಿಂದ ಪ್ಯಾನಲ್‌ಗೆ ನಡೆದಾಗ, ಒಂದು ಪ್ಯಾನಲ್‌ನ ಮೂಲೆಯಲ್ಲಿ ನಕ್ಷೆಯಲ್ಲಿಲ್ಲದ 4ಜಿ ರೂಟರ್ ಸಿಕ್ಕಿತು. ಯಂತ್ರ ಪೂರೈಸಿದವರು ದೂರದಿಂದಲೇ ಸರ್ವೀಸ್ ಮಾಡಲೆಂದು ಇಟ್ಟುಹೋಗಿದ್ದ ಅದು ಹಗಲಿರುಳೂ ಇಂಟರ್‌ನೆಟ್‌ಗೆ ತೆರೆದುಕೊಂಡಿತ್ತು. ಜಾಲದ ಪ್ರತಿ ಸಾಧನವನ್ನೂ ತಟ್ಟಿನೋಡುವ ಪೋರ್ಟ್ ಸ್ಕ್ಯಾನ್ ಮಾಡಿದರೆ ಹಳೆಯ ನಿಯಂತ್ರಕಗಳು ಸ್ತಬ್ಧವಾಗುವ ಅಪಾಯವಿರುವುದರಿಂದ, ಜಾಲದ ಸ್ವಿಚ್‌ನಲ್ಲಿ ಸಂಚಾರದ ನಕಲು ಸಿಗುವ ಮಿರರ್ ಪೋರ್ಟ್‌ಗೆ ಲ್ಯಾಪ್‌ಟಾಪ್ ಸಿಕ್ಕಿಸಿ, ವೈರ್‌ಶಾರ್ಕ್‌ನಲ್ಲಿ ಸಂಚಾರವನ್ನು ಗಮನಿಸುವುದಕ್ಕಷ್ಟೇ ನನ್ನನ್ನು ಸೀಮಿತಗೊಳಿಸಿಕೊಂಡೆ.

ಕಂಡದ್ದೆಲ್ಲ 502ನೇ ಪೋರ್ಟಿನ ಮಾಡ್‌ಬಸ್. 1979ರಲ್ಲಿ ಮಾಡಿಕಾನ್ ಕಂಪನಿ ಸೀರಿಯಲ್ ತಂತಿಗೆಂದು ರೂಪಿಸಿದ ಈ ಪ್ರೋಟೋಕಾಲ್ ಮುಂದೆ ಈಥರ್‌ನೆಟ್‌ಗೂ ಬಂತು, ಆದರೆ ಆಜ್ಞೆ ಕಳಿಸುತ್ತಿರುವವರು ಯಾರೆಂದು ವಿಚಾರಿಸುವ ಪದ್ಧತಿ ಅದರಲ್ಲಿ ಮೊದಲಿನಿಂದಲೂ ಇರಲಿಲ್ಲ. ಪಿಎಲ್‌ಸಿಯ ಒಂದು ರಿಜಿಸ್ಟರ್‌ಗೆ, ಅಂದರೆ ಒಂದು ಅಂಕಿ ಇಡುವ ಸ್ಮೃತಿಕೋಶಕ್ಕೆ, ಬರೆಯುವ ಇಡೀ ಆಜ್ಞೆ 12 ಬೈಟ್‌ಗಳದ್ದು. ಕೊನೆಯ ಎರಡು ಬೈಟ್‌ಗಳು ಹೆಕ್ಸಾಡೆಸಿಮಲ್ (ಹದಿನಾರರ ಮೂಲದ) ಲೆಕ್ಕದಲ್ಲಿ 03 52 ಎಂದಿದ್ದರೆ ಕುಲುಮೆಯ ಗುರಿ 850 ಡಿಗ್ರಿ. ಅವನ್ನೇ 04 4ಸಿ ಎಂದು ಬದಲಿಸಿ ಕಳಿಸಿದರೆ 1100 ಡಿಗ್ರಿ. ಆ 12 ಬೈಟ್‌ಗಳಲ್ಲಿ ಪಾಸ್‌ವರ್ಡ್‌ಗೆಂದು ಒಂದೂ ಇಲ್ಲ. ಇದನ್ನು ಪರದೆಯ ಮೇಲೆ ತೋರಿಸಿದ ಬಳಿಕ ಮಾಲೀಕರು ಆಂಟಿವೈರಸ್ಸಿನ ಮಾತೆತ್ತಲಿಲ್ಲ.

ಪಿಎಲ್‌ಸಿಗಳ ಮುಂದೆ ಮಾಡ್‌ಬಸ್ ಅರ್ಥವಾಗುವ ಫೈರ್‌ವಾಲ್ ಇಟ್ಟು, ಓದುವ ಆಜ್ಞೆಗಳನ್ನು ಮೇಲ್ವಿಚಾರಣೆಯ ಕಂಪ್ಯೂಟರ್ ಆದ ಸ್ಕಾಡಾಗೂ, ಬರೆಯುವ ಆಜ್ಞೆಗಳನ್ನು ಕುಲುಮೆಯ ಪಕ್ಕದ ಎಚ್‌ಎಂಐ ಎಂಬ ನಿರ್ವಾಹಕರ ಪರದೆಗೂ ಮಾತ್ರ ಬಿಡುವುದು ನನ್ನ ಯೋಜನೆಯಾಗಿತ್ತು. ಏನನ್ನೂ ತಡೆಯದೆ ದಾಖಲೆ ಮಾತ್ರ ಮಾಡುವ ಸ್ಥಿತಿಯಲ್ಲಿ ಮೊದಲು ನಡೆಸಿದ್ದರಿಂದ, ಪ್ರತಿ ಬ್ಯಾಚ್‌ನ ಆರಂಭದಲ್ಲಿ ಸ್ಕಾಡಾ ಕೂಡ ರೆಸಿಪಿಯನ್ನು, ಅಂದರೆ ಆ ಬ್ಯಾಚ್‌ಗೆ ಬೇಕಾದ ಅಂಕಿಗಳನ್ನು, ಬರೆಯುತ್ತದೆ ಎಂಬುದು ತಿಳಿಯಿತು. ಆ ಕೆಲವು ರಿಜಿಸ್ಟರ್‌ಗಳಿಗಷ್ಟೇ ಅನುಮತಿ ಕೊಟ್ಟು, ಆಮೇಲೆ ತಡೆಯನ್ನು ಜಾರಿಗೆ ತಂದೆ. ಈ ಹಂತವನ್ನು ಬಿಟ್ಟವರ ಕಾರ್ಖಾನೆಗಳಲ್ಲಿ ಫೈರ್‌ವಾಲನ್ನು ವಾರದೊಳಗೆ ಕಳಚಿಡುತ್ತಾರೆ. 4ಜಿ ರೂಟರ್‌ನ ವಿದ್ಯುತ್ತಿಗೆ ಬೀಗದ ಸ್ವಿಚ್ ಹಾಕಿದೆವು. ಸರ್ವೀಸ್‌ನವರು ಫೋನ್ ಮಾಡಿದಾಗ ಶಿಫ್ಟ್ ಇನ್‌ಚಾರ್ಜ್ ಅದನ್ನು ಹಾಕಿ, ಕೆಲಸ ಮುಗಿದೊಡನೆ ತೆಗೆಯುತ್ತಾರೆ.

ಪಿಎಲ್‌ಸಿಯ ಮುಖದ ಮೇಲಿನ ಕೀಲಿ ಸದಾ ಪ್ರೋಗ್ರಾಂ ಬದಲಿಸಲು ಬಿಡುವ ಸ್ಥಾನದಲ್ಲೇ ಇರುತ್ತಿತ್ತು. ಅದನ್ನು ರನ್‌ಗೆ ತಿರುಗಿಸಿ ಕೀಲಿಯನ್ನು ಕಿತ್ತಿಟ್ಟಾಗ, “ರಾತ್ರಿ ಪಾಳೀಲಿ ಏನಾದ್ರೂ ಆದ್ರೆ ಕೀಲಿಗೆ ಎಲ್ಲಿ ಹುಡುಕೋದು ಸಾರ್?” ಎಂದು ಎಲೆಕ್ಟ್ರಿಷಿಯನ್ ಕೇಳಿದ್ದು ನ್ಯಾಯವೇ ಆಗಿತ್ತು, ಕೀಲಿ ಈಗ ಸಹಿ ಪುಸ್ತಕದೊಂದಿಗೆ ಇನ್‌ಚಾರ್ಜ್ ಮೇಜಿನಲ್ಲಿದೆ. ಸೌದಿ ಅರೇಬಿಯಾದ ಪೆಟ್ರೋಕೆಮಿಕಲ್ ಘಟಕವೊಂದರ ಸುರಕ್ಷತಾ ನಿಯಂತ್ರಕಗಳಿಗೆ 2017ರಲ್ಲಿ ಟ್ರೈಟನ್ ಎಂಬ ಕುತಂತ್ರಾಂಶ ನುಗ್ಗಲು, ಕೀಲಿಯನ್ನು ಪ್ರೋಗ್ರಾಂ ಸ್ಥಾನದಲ್ಲೇ ಬಿಟ್ಟಿದ್ದುದು ನೆರವಾಗಿತ್ತು.

ಫೈರ್‌ವಾಲ್ ದಾಖಲೆಗಳನ್ನು, ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್‌ನಲ್ಲಿ ನೀಡಿದ ನಿರ್ದೇಶನದಂತೆ, 180 ದಿನ ಉಳಿಸುವ ಏರ್ಪಾಡಾಗಿದೆ.

ಇಷ್ಟಾದರೂ ಎಚ್‌ಎಂಐ ಅನ್ನೇ ಯಾರಾದರೂ ವಶಪಡಿಸಿಕೊಂಡರೆ ಫೈರ್‌ವಾಲ್ ಅವರನ್ನು ತಡೆಯುವುದಿಲ್ಲ. ಇರಾನಿನ ನತಾಂಜ್ ಅಣು ಘಟಕದಲ್ಲಿ ಯುರೇನಿಯಂ ಸಂವರ್ಧಿಸುವ ಸೆಂಟ್ರಿಫ್ಯೂಜ್‌ಗಳ ವೇಗವನ್ನು ಕೆಡಿಸುತ್ತಲೇ, ನಿರ್ವಾಹಕರಿಗೆ ಹಿಂದೆ ದಾಖಲಿಸಿಕೊಂಡ ಸಹಜ ಅಂಕಿಗಳನ್ನು ತೋರಿಸಿದ ಸ್ಟಕ್ಸ್‌ನೆಟ್ ಎಂಬ ಕುತಂತ್ರಾಂಶ 2010ರಲ್ಲೇ ಬಯಲಾಗಿತ್ತು. ಪರದೆಯನ್ನು ನಂಬಿ ಕೂರುವಂತಿಲ್ಲ. ಆದ್ದರಿಂದ 900 ಡಿಗ್ರಿ ಮೀರಿದ ಗುರಿಯನ್ನು ತಿರಸ್ಕರಿಸುವ ಸಾಲೊಂದನ್ನು ಲ್ಯಾಡರ್‌ನಲ್ಲಿ ಸೇರಿಸಿದೆ. ಜೊತೆಗೆ ತಾಪ ಅಳೆಯುವ ಪ್ರತ್ಯೇಕ ಥರ್ಮೋಕಪಲ್ ಇರುವ, ಯಾವ ಜಾಲಕ್ಕೂ ಸೇರದ ಮಿತಿ ನಿಯಂತ್ರಕವೊಂದನ್ನು ಹೀಟರ್‌ಗೆ ವಿದ್ಯುತ್ ಬಿಡುವ ಸ್ವಿಚ್ಚಾದ ಕಾಂಟ್ಯಾಕ್ಟರ್‌ನ ಕಾಯಿಲ್‌ಗೆ ಸರಣಿಯಲ್ಲಿ ಜೋಡಿಸಿದೆವು. ಪಿಎಲ್‌ಸಿ ಏನೇ ಹೇಳಿದರೂ ತಾಪ ಮಿತಿ ದಾಟಿದೊಡನೆ ಅದು ಹೀಟರ್‌ನ ವಿದ್ಯುತ್ತನ್ನು ಕಡಿದುಹಾಕುತ್ತದೆ.