ಕೆಲಸದಿಂದ ತೆಗೆದ ಮೇಲೂ ಇಎಸ್‌ಐ ನಿರುದ್ಯೋಗ ಭತ್ಯೆ ಪಡೆದಿದ್ದು ಹೀಗೆ

"ಗಲಾಟೆ ಮಾಡಿ ಹೊರಬಿದ್ದವರಿಗೆ ಅಟಲ್ ಬೀಮಿತ್ ದುಡ್ಡು ಕೊಡಲ್ಲ, ಚಪ್ಪಲಿ ಸವೆಸಬೇಡ" ಅಂದಿದ್ದರು ನಮ್ಮ ಯೂನಿಯನ್ನಿನ ಹಿರಿಯರು. ಅಟಲ್ ಬೀಮಿತ್ ಅಂದರೆ ಕೆಲಸ ಕಳೆದುಕೊಂಡ ಇಎಸ್‌ಐ ಕಾರ್ಮಿಕರಿಗೆ ತೊಂಬತ್ತು ದಿನದವರೆಗೆ ಭತ್ಯೆ ಕೊಡುವ ಯೋಜನೆ. ಸೈಬರ್ ಸೆಂಟರ್ ಹುಡುಗನೂ ನಕ್ಕಿದ್ದ. ಕಡೆಗೆ ದುಡ್ಡು ಬಂತು. ಅದಕ್ಕೇ ಬರೀತಿದ್ದೀನಿ.

2021ರ ಆಗಸ್ಟ್. ಸೂಪರ್‌ವೈಸರ್ ಜೊತೆ ಮಾತಿಗೆ ಮಾತು ಬೆಳೆದು, ಮರುದಿನ ಗೇಟಿನಲ್ಲೇ ತಡೆದರು. ಚಾರ್ಜ್‌ಶೀಟ್ ಇಲ್ಲ, ವಿಚಾರಣೆ ಇಲ್ಲ. ಎಚ್‌ಆರ್ ಒಂದು ಹಾಳೆ ಮುಂದಿಟ್ಟು "ಸೈನ್ ಹಾಕು, ಇವತ್ತೇ ಸೆಟಲ್‌ಮೆಂಟ್" ಅಂದರು. ಓದಿದರೆ ರಾಜೀನಾಮೆ ಪತ್ರ. ಹಾಕಲಿಲ್ಲ. ನನ್ನ ಜೊತೆ ಹೊರಬಿದ್ದ ಇನ್ನೊಬ್ಬ ಹನ್ನೆರಡು ಸಾವಿರದ ಆಸೆಗೆ ಹಾಕಿದ.

ಮೊದಲ ಅರ್ಜಿ ನನ್ನ ಆತುರಕ್ಕೇ ಹೋಯ್ತು. ಕೆಲಸ ಹೋಗಿ ಮೂವತ್ತು ದಿನ ತುಂಬುವ ಮೊದಲೇ ಹೋಗಿದ್ದೆ. ಸಾಲದ್ದಕ್ಕೆ, ಹಳೇ ಪದ್ಧತಿ ನೆನಪಿಟ್ಟುಕೊಂಡು ಇಪ್ಪತ್ತು ರೂಪಾಯಿ ಸ್ಟಾಂಪ್ ಪೇಪರಿನಲ್ಲಿ ಅಫಿಡವಿಟ್ ಬೇರೆ ಮಾಡಿಸಿದ್ದೆ. ನೋಟರಿಗೆ ಇನ್ನೂರರ ಹತ್ತಿರ ಕೊಟ್ಟೆ. ಅದನ್ನು 2020ರ ಕೊನೆಯಲ್ಲೇ ಕೈಬಿಟ್ಟಿದ್ದರಂತೆ.

ಎರಡನೇ ಸಲ ದಿನಗಳ ಲೆಕ್ಕ ಸರಿ ಇತ್ತು. ಲಾಕ್‌ಡೌನ್ ಅವಧಿಯಲ್ಲಿ ನನ್ನ ಹಾಜರಿ 78 ದಿನ ಮುಟ್ಟಿರಲಿಲ್ಲ, ಅದೇ ಹೆದರಿಕೆಯಿತ್ತು. ಇಎಸ್‌ಐ ಲೆಕ್ಕದಲ್ಲಿ ಆರು ತಿಂಗಳಿಗೊಂದು ವಂತಿಗೆ ಅವಧಿ, ಹಿಂದಿನ ಎರಡು ವರ್ಷಕ್ಕೆ ನಾಲ್ಕು. ಕೆಲಸ ಹೋಗುವ ಮುಂಚಿನ ಅವಧಿಯಲ್ಲಿ 78 ದಿನ, ಉಳಿದ ಮೂರರಲ್ಲಿ ಯಾವುದಾದರೂ ಒಂದರಲ್ಲಿ 78 ದಿನ ಇದ್ದರೆ ಸಾಕಿತ್ತು. ನನಗೆ ಎರಡೂ ಇದ್ದವು. ಆದರೂ ತಿರಸ್ಕೃತ. ಕಾರಣ, ಕಂಪನಿ ತಿಂಗಳ ವಂತಿಗೆ ತುಂಬುವಾಗ ನನ್ನ ಹೆಸರಿನ ಮುಂದೆ ಕೋಡ್ 2 ಹಾಕಿತ್ತು. ಲೆಫ್ಟ್ ಸರ್ವೀಸ್, ಅಂದರೆ ನಾನೇ ಬಿಟ್ಟು ಹೋದೆ ಅಂತ! ರಿಟ್ರೆಂಚ್‌ಮೆಂಟಿಗೆ, ಅಂದರೆ ಕಂಪನಿಯೇ ಆಳು ಕಡಿತ ಮಾಡಿದ್ದಕ್ಕೆ, 10 ಅಂತ ಬೇರೆ ಕೋಡೇ ಇದೆ.

ಎಲ್ಲರೂ ಎಡವೋದು ಇಲ್ಲೇ. ತಾನಾಗಿ ಬಿಟ್ಟವನಿಗೆ ಭತ್ಯೆ ಇಲ್ಲ, ಶಿಸ್ತುಕ್ರಮದಲ್ಲಿ ವಜಾ ಆದವನಿಗೂ ಇಲ್ಲ. ನಾನು ಎರಡೂ ಅಲ್ಲ ಅಂತ ಕಾಗದದಲ್ಲಿ ತೋರಿಸಬೇಕಿತ್ತು. ಕಂಪನಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬರೆದೆ: ನನ್ನ ರಾಜೀನಾಮೆ ಇದ್ದರೆ ಪ್ರತಿ ಕೊಡಿ, ವಜಾ ಮಾಡಿದ್ದರೆ ವಿಚಾರಣೆಯ ವರದಿ ಕೊಡಿ. ಎರಡೂ ಅವರ ಹತ್ತಿರ ಇರಲಿಲ್ಲ. ಉತ್ತರವೂ ಬರಲಿಲ್ಲ. ಅದೇ ಪೋಸ್ಟ್ ರಸೀದಿ ಹಿಡಿದು ಕಾರ್ಮಿಕ ಅಧಿಕಾರಿ ಹತ್ತಿರ ಹೋದೆ. ಮೂರನೇ ಸಂಧಾನ ಸಭೆಯಲ್ಲಿ "ಆರ್ಡರ್ ಕಡಿಮೆಯಾದ್ದರಿಂದ ಸೇವೆ ನಿಲ್ಲಿಸಿದೆವು" ಅಂತ ಲೆಟರ್‌ಹೆಡ್ಡಿನಲ್ಲಿ ಬರೆದುಕೊಟ್ಟರು. ಆ ಸಭೆಯಲ್ಲಿ ನಾನು ಕೇಳಿದ ಒಂದು ಪ್ರಶ್ನೆಗೇ ಅವರು ಮೆತ್ತಗಾಗಿದ್ದು. ಪ್ರಶ್ನೆ ಏನು ಅಂತ ಇಲ್ಲಿ ಹೇಳಲ್ಲ, ಅವರ ವಕೀಲರೂ ಓದಬಹುದು.

ಆ ಪತ್ರದ ಜೊತೆ ಮೂರನೇ ಅರ್ಜಿ ಕೊಟ್ಟೆ. ಹತ್ತೋ ಹನ್ನೆರಡೋ ದಿನದಲ್ಲಿ ಮೆಸೇಜ್ ಬಂತು, ತೊಂಬತ್ತು ದಿನದ್ದೂ ಒಟ್ಟಿಗೇ. ಮೊತ್ತ ನೋಡಿ ಪೆಚ್ಚಾದೆ. ಹದಿನೇಳು ಸಾವಿರ ಸಂಬಳವನ್ನು 26ರಿಂದ ಭಾಗಿಸಿ, ಅರ್ಧ ಮಾಡಿ, 29 ಸಾವಿರ ಬರುತ್ತೆ ಅಂತ ಕನಸು ಕಂಡಿದ್ದೆ. ಬಂದಿದ್ದು 21 ಸಾವಿರದ ಚಿಲ್ಲರೆ. ನಾಲ್ಕು ಅವಧಿಯ ಒಟ್ಟು ಗಳಿಕೆಯನ್ನು 730ರಿಂದ, ಅಂದರೆ ಎರಡು ವರ್ಷದ ಅಷ್ಟೂ ದಿನಗಳಿಂದ, ಭಾಗಿಸ್ತಾರೆ. ಲಾಕ್‌ಡೌನಿನ ಖಾಲಿ ತಿಂಗಳುಗಳೂ ಅದರೊಳಗೇ. ನನ್ನದು ಸುಮಾರು ಮೂರೂವರೆ ಲಕ್ಷ, ಅಂದರೆ ದಿನಕ್ಕೆ 480, ಅರ್ಧ 240. 2018ರಲ್ಲಿ ಯೋಜನೆ ಶುರುವಾದಾಗಿನ ಕಾಲು ಭಾಗದ ಲೆಕ್ಕವಾಗಿದ್ದರೆ ಹನ್ನೊಂದು ಸಾವಿರವೂ ದಾಟುತ್ತಿರಲಿಲ್ಲ ಅಂತ ಸಮಾಧಾನ ಮಾಡಿಕೊಂಡೆ. ಓಡಾಟ, ಜೆರಾಕ್ಸ್, ಪೋಸ್ಟ್ ಸೇರಿ ಖರ್ಚು ಎರಡು ಸಾವಿರದೊಳಗೆ.

ನಡುವೆ ಇಎಸ್‌ಐನದೇ ಇನ್ನೊಂದು ನಿರುದ್ಯೋಗ ಭತ್ಯೆಯಾದ ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ್ ಯೋಜನೆಗೂ ಕೈಹಾಕಿದ್ದೆ, ಅದರಲ್ಲಿ ಎರಡು ವರ್ಷದವರೆಗೆ ಕೊಡ್ತಾರಲ್ಲ ಅಂತ. ನನ್ನಂಥವರಿಗೆ ಅದು ಸಿಗಬೇಕಾದರೆ ಕಾರ್ಖಾನೆ ಮುಚ್ಚಿರಬೇಕು, ಇಲ್ಲವೇ ರಿಟ್ರೆಂಚ್‌ಮೆಂಟ್ ಅಂತಲೇ ಕಾಗದ ಬೇಕು. ಕಂಪನಿಯವರು ಆ ಪದ ಬರೆದಿದ್ದರೆ ಆಗ ಜಾರಿಯಲ್ಲಿದ್ದ ಕೈಗಾರಿಕಾ ವಿವಾದ ಕಾಯ್ದೆಯ 25ಎಫ್ ಕಲಂ ಪ್ರಕಾರ ದುಡಿದ ವರ್ಷಕ್ಕೆ ಹದಿನೈದು ದಿನದ ಸಂಬಳ ಪರಿಹಾರವಾಗಿ ತೆರಬೇಕಾಗಿತ್ತು. ಅದಕ್ಕೇ "ಸೇವೆ ನಿಲ್ಲಿಸಿದೆವು" ಅಂತ ನುಣುಚಿಕೊಂಡಿದ್ದು. ಆ ಜಗಳ ಇನ್ನೂ ಮುಗಿದಿಲ್ಲ.

ಹನ್ನೆರಡು ಸಾವಿರಕ್ಕೆ ಸೈನ್ ಹಾಕಿದವನ ಅರ್ಜಿಯನ್ನೂ ನಾನೇ ತುಂಬಿಕೊಟ್ಟೆ. ಎರಡು ಸಲವೂ ವಾಪಸ್ ಬಂತು.